ಮಕ್ಕಳ ಪಾಲು ಮೊದಲೋ, ಕೊನೆಗೋ?



ಕಳೆದ ಅಮಾವಾಸ್ಯೆಯ ದಿನ ಜತ್ತ ತಾಲೂಕಿನ ಒಂದು ಕುಟುಂಬದ ತಂಟೆ ಶ್ರೀಮಠಕ್ಕೆ ಬಂದಿತು. ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷ. ಇಬ್ಬರು ಮಕ್ಕಳು ತಾಯಿಯೊಡನೆ ಇಂಡಿ ಕಡೆಯ ತವರಿನಲ್ಲಿದ್ದಾರೆ. ತಂದೆಗೆ ದ್ರಾಕ್ಷಿ ತೋಟವಿದೆ. "ಸೊಸೈಟಿ ಸಾಲ, ಔಷಧಿ, ಆಳಿನ ಕೂಲಿ ಎಲ್ಲಾ ಹೋಗಿ ಉಳಿದದ್ದರಾಗ ಕೊಡತೀನ್ರಿ" ಎಂದ. ಹಿರಿಯರೊಬ್ಬರು "ತಿಂಗಳಾ ಐದುನೂರು ಕೊಡಲಿ, ಮುಗಿಸ್ರಿ" ಎಂದರು. ತಾಯಿ ಮಾತನಾಡಲಿಲ್ಲ. ಚೀಲದಿಂದ ಶಾಲೆಯ ಫೀ ಪಾವತಿ ತೆಗೆದು ಮುಂದಿಟ್ಟಳು.

ಲೆಕ್ಕ ಬರೆಯುವ ನನಗೆ ಆಗ ಒಂದು ಪ್ರಶ್ನೆ ಎದ್ದಿತು. ಮಕ್ಕಳನ್ನು ಖಾತೆಯ ಯಾವ ಕಡೆ ಬರೆಯಬೇಕು? ಲಾಭ ಉಳಿದರೆ ಪಾಲು ಪಡೆಯುವವರೋ, ಲಾಭಕ್ಕಿಂತ ಮೊದಲೇ ಸಲ್ಲಬೇಕಾದವರೋ? ಆಳಿನ ಕೂಲಿಯನ್ನು ಯಾರೂ ಲಾಭ ನೋಡಿ ಕೊಡುವುದಿಲ್ಲ. ಹಾಗಿದ್ದರೆ ಹೆತ್ತ ಮಕ್ಕಳು ಆಳಿಗಿಂತ ಹಿಂದೆ ನಿಲ್ಲಬೇಕೆ?

ಆದ್ದರಿಂದ ಲೆಕ್ಕ ಮಕ್ಕಳ ಅಗತ್ಯದಿಂದ ಆರಂಭವಾಗಬೇಕು. ಊಟ, ಬಟ್ಟೆ, ಫೀ, ಬಸ್ಸು, ಔಷಧಿ ಸೇರಿ ಇಬ್ಬರಿಗೆ ವರ್ಷಕ್ಕೆ 90,000 ರೂಪಾಯಿ ಎನ್ನೋಣ. ತಂದೆಯ ಆದಾಯ, ತೋಟದ ಖರ್ಚು ಕಳೆದು, ಮೂರು ವರ್ಷಗಳಲ್ಲಿ 3,60,000, 60,000, 1,80,000. ಸರಾಸರಿ 2,00,000. ತಾಯಿಗೆ ಹೊಲಿಗೆಯಿಂದ 50,000. ನಾಲ್ಕಕ್ಕೆ ಒಂದರ ಪ್ರಮಾಣ. ತಂದೆಯ ಪಾಲು 72,000, ಅಂದರೆ ತಿಂಗಳಿಗೆ 6,000. ತಾಯಿಯದು 18,000. ಆದರೆ ಅವಳು ಮಾಡುವ ಅಡಿಗೆ, ಜ್ವರದ ರಾತ್ರಿಯ ಜಾಗರಣೆ ಯಾವ ಕಿರ್ದಿಯಲ್ಲೂ ಇಲ್ಲ. ಅವಳ ಪಾಲನ್ನು ರೊಕ್ಕದಲ್ಲಿ ಕೇಳುವಾಗ ಇದು ನೆನಪಿರಲಿ.

ಖರ್ಚು ಕಳೆಯುವುದರಲ್ಲಿಯೂ ನ್ಯಾಯವಿರಬೇಕು. ಗೊಬ್ಬರ, ಕೂಲಿ ಖರ್ಚೇ ಸರಿ. ಹೊಸ ಟ್ರ್ಯಾಕ್ಟರಿನ ಕಂತು ತನ್ನ ಆಸ್ತಿ ಬೆಳೆಸಿಕೊಂಡದ್ದು. ಅದನ್ನು ತೋರಿಸಿ ಮಕ್ಕಳ ಫೀ ಕಡಿಮೆ ಮಾಡಲಾಗದು. ಅಂಗಡಿಯ ವ್ಯಾಪಾರವನ್ನು ಅರ್ಧವೇ ತೋರಿಸುವ ವ್ಯಾಪಾರಿಗೂ ಇದೇ ಮಾತು.

"ಬರಗಾಲದಲ್ಲಿ ಅರವತ್ತು ಸಾವಿರ ಬಂದಾಗ ಎಪ್ಪತ್ತೆರಡು ಎಲ್ಲಿಂದ ತರಲಿ?" ಎಂದು ತಂದೆ ಕೇಳಿದ. ಇದು ಸುಳ್ಳು ನೆಪವಲ್ಲ. ಬೆಳೆ ವರ್ಷಕ್ಕೊಮ್ಮೆ ಬರುತ್ತದೆ, ಹಸಿವು ದಿನಾ ಬರುತ್ತದೆ. ಒಳ್ಳೆಯ ವರ್ಷ ಸಾಲದ ಕಂತಿಗೆ ತೆಗೆದಿಡುವಂತೆ ಮಕ್ಕಳಿಗೂ ತೆಗೆದಿಡಬೇಕು. ಅದೂ ಸಾಲದಿದ್ದರೆ ಲೆಕ್ಕ ಬಿಚ್ಚಿ ತೋರಿಸಿ ಆ ವರ್ಷ ಕಡಿಮೆ ಮಾಡಿಕೊಳ್ಳಲಿ. ತಂದೆ ಒಣರೊಟ್ಟಿ ತಿಂದರೆ ಮಕ್ಕಳೂ ತಿನ್ನಲಿ. ತಂದೆ ಹೋಳಿಗೆ ಉಂಡು ಮಕ್ಕಳು ಒಣರೊಟ್ಟಿ ತಿನ್ನಬಾರದು. ನನಗೆ ತಿಳಿದ ಅಳತೆ ಇದೊಂದೇ.

ಕಾನೂನೂ ಇದಕ್ಕೆ ದೂರವಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಟ್ಟು ಒಳಗೊಂಡಿದೆ. ಮಕ್ಕಳ ಪೋಷಣೆಯ ಹೊಣೆಯನ್ನು ತಂದೆ ತಾಯಿ ಇಬ್ಬರಿಗೂ ಹೊರಿಸಿದೆ. ಹಿರಿಯರು ನೆನೆದ ಐದುನೂರರ ಮಿತಿ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. 2001ರಲ್ಲಿ ಅದನ್ನು ತೆಗೆದುಹಾಕಲಾಯಿತು. ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ತಾಯಿ ಬೇಸತ್ತು "ಏನೂ ಬ್ಯಾಡ" ಎಂದರೆ ಅದು ಅವಳ ಮಾತಾಯಿತು. ಮಕ್ಕಳ ಹಕ್ಕು ಅವಳು ಬಿಟ್ಟುಕೊಡುವಂಥದಲ್ಲ, ಮಠದ ಹಿರಿಯರು ಬಿಡಿಸುವಂಥದೂ ಅಲ್ಲ.

ಕೊನೆಗೆ ತಿಂಗಳಿಗೆ 4,000, ಒಣದ್ರಾಕ್ಷಿ ಮಾರಿದಾಗ 24,000 ಎಂದು ಕಾಗದವಾಯಿತು. ಕೋರ್ಟಿನ ಬಾಗಿಲು ಇದರಿಂದ ಮುಚ್ಚುವುದಿಲ್ಲವೆಂದು ತಾಯಿಗೆ ತಿಳಿಸಿದೆವು.

ಆ ತಂದೆ ಅಂದು ದಾಸೋಹಕ್ಕೆಂದು ಒಂದು ಚೀಲ ಜೋಳ ತಂದಿದ್ದ. ನಾನು ಪಾವತಿ ಬರೆಯಲು ಕುಳಿತೆ. ಪೂಜ್ಯರು ಬೇಡವೆಂದರು. ಮಕ್ಕಳ ಬಾಕಿ ತೀರದವನ ಕಾಳು ದಾಸೋಹವಾಗುವುದಿಲ್ಲ ಎಂದು ಹೇಳಿ ಆ ಚೀಲವನ್ನು ಮಕ್ಕಳು ಹೋಗುವ ಗಾಡಿಗೆ ಹಾಕಿಸಿದರು.

— ಕಾರ್ಯದರ್ಶಿ, ಶ್ರೀಮಠ