ಹೊಂಗೆಮರದ ತಲಪರಿಗೆ

ಬಾಲ್ಯದ ಸುಖದ ನೆನಪು ಯಾವುದೆಂದು ಯಾರಾದರೂ ಕೇಳಿದರೆ ಇಷ್ಟು ವರ್ಷ ನಾನು ಒಂದೇ ಉತ್ತರ ಹೇಳುತ್ತಿದ್ದೆ. ಬೇಸಿಗೆ ರಜೆ, ಅಮ್ಮನ ತವರೂರು, ಒಣಗಿದ ಕೆರೆಯಂಗಳದ ಅಂಚಿನಲ್ಲೊಂದು ದೊಡ್ಡ ಹೊಂಗೆಮರ, ಅದರ ನೆರಳಿನಲ್ಲಿ ಕಲ್ಲುಚಪ್ಪಡಿ ಕಟ್ಟಿದ ಒಂದು ಗುಂಡಿ. ತಳದ ಮರಳಿನಿಂದ ನೀರು ಸಣ್ಣಗೆ ಉಕ್ಕುತ್ತಿತ್ತು. ನಾನು ಇಳಿದು ಚೊಂಬು ತುಂಬಿಕೊಂಡು ಬರುತ್ತಿದ್ದೆ. ಮೇಲೆ ನನ್ನದೇ ವಯಸ್ಸಿನ ಒಬ್ಬ ಹುಡುಗ ಬೊಗಸೆಯೊಡ್ಡಿ ನಿಂತಿರುತ್ತಿದ್ದ. ನಾನು ಎತ್ತರದಿಂದ ನೀರು ಹೊಯ್ಯುತ್ತಾ ಬೇಕೆಂದೇ ಧಾರೆಯನ್ನು ಅತ್ತಿತ್ತ ಆಡಿಸುತ್ತಿದ್ದೆ. ಅವನ ಬೊಗಸೆ ಧಾರೆಯ ಹಿಂದೆ ಓಡುತ್ತಿತ್ತು. ಇಬ್ಬರೂ ನಗುತ್ತಿದ್ದೆವು.

ಓದುತ್ತಿರುವ ನಿಮಗೆ ಈಗಾಗಲೇ ಏನೋ ಚುಚ್ಚಿರಬಹುದು. ನನಗೆ ಇಪ್ಪತ್ತು ವರ್ಷ ಚುಚ್ಚಲಿಲ್ಲ. ಅದೇ ಈ ಬರಹದ ವಿಷಯ.

ಅಜ್ಜ ಹೋದ ಮೇಲೆ ಮನೆ, ಹೊಲ ಮಾರಿ ಆಗಿತ್ತು. ಆ ಊರಿಗೆ ಹೋಗಲು ನಮಗೆ ಯಾವ ಕಾರಣವೂ ಉಳಿದಿರಲಿಲ್ಲ. ಹೋದ ಬೇಸಿಗೆಯಲ್ಲಿ, ಆ ಜಾಗವನ್ನು ಒಮ್ಮೆ ನೋಡಿ ಬರಬೇಕೆನ್ನಿಸಿ ಹೊರಟೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಬಯಲಿನಲ್ಲಿ ಆ ಊರಿದೆ. ಮಳೆ ಕಡಿಮೆಯ ಈ ಸೀಮೆಗೆ ತಲಪರಿಗೆಗಳೇ ಆಸರೆಯಾಗಿದ್ದವು. ಗುಡ್ಡಗಳು, ಮರಳು ನೆಲ ಕುಡಿದ ಮಳೆನೀರು ಕೆರೆಯಂಗಳದಲ್ಲೋ ಹಳ್ಳದ ದಂಡೆಯಲ್ಲೋ ತಾನಾಗಿ ಜಿನುಗುತ್ತದೆ. ಆ ಕಡೆ ಗುಂಡಿ ತೋಡಿ, ಕಲ್ಲು ಕಟ್ಟಿ, ಕಾಲುವೆ ತೆಗೆದು ಹೊಲಕ್ಕೆ ಹರಿಸುತ್ತಿದ್ದರು. ಕೆರೆ ಬತ್ತಿದ ಮೇಲೂ ಒಂದಿಷ್ಟು ಬೆಳೆ ಉಳಿಯುತ್ತಿದ್ದದ್ದು ಇದರಿಂದ. ಹೂಳು ತೆಗೆಯುವುದು, ಪಾಳಿಯಂತೆ ನೀರು ಬಿಡುವುದು, ಎಲ್ಲಕ್ಕೂ ಕಟ್ಟುಪಾಡುಗಳಿದ್ದವು. ಕೊಳವೆಬಾವಿಗಳು ಆಳಕ್ಕೆ ಇಳಿದು, ಹಳ್ಳದ ಮರಳು ಲಾರಿ ಹತ್ತಿದ ಮೇಲೆ ಇಂಥ ಎಷ್ಟೋ ತಲಪರಿಗೆಗಳು ಬತ್ತಿದವು.

ಹೊರಡುವ ಮುಂಚೆ ಉಪಗ್ರಹ ನಕ್ಷೆಯಲ್ಲಿ ಹುಡುಕಿದ್ದೆ. ಕೆರೆಯಂಗಳದ ತುಂಬ ಬಳ್ಳಾರಿ ಜಾಲಿಯ ಹಸಿರು ಬಿಟ್ಟರೆ ಏನೂ ಕಾಣಲಿಲ್ಲ. ಊರಲ್ಲಿ ಎರಡು ದಿನ ‘ಹೊಂಗೆಮರದ ತಲಪರಿಗೆ ಎಲ್ಲಿ?’ ಎಂದು ಕೇಳುತ್ತಾ ತಿರುಗಿದೆ. ಅಜ್ಜನ ಬೀದಿಯಲ್ಲಿ ಗೊತ್ತಿದ್ದ ಹಿರಿಯರು ಈಗಿಲ್ಲ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ‘ಹೊಂಗೆಮರ ಎಲ್ಲ ಕಡೆ ಇದ್ವಲ್ಲಪ್ಪ’ ಎಂದರು ಒಬ್ಬಜ್ಜಿ.

ಪ್ಲೇಟೋ ಬರೆದ ‘ಮೆನೊ’ ಸಂವಾದದಲ್ಲಿ ಒಂದು ಹಳೆಯ ಇಕ್ಕಟ್ಟಿದೆ. ಹುಡುಕುತ್ತಿರುವುದು ಏನೆಂದು ಗೊತ್ತಿದ್ದರೆ ಹುಡುಕುವ ಅಗತ್ಯವಿಲ್ಲ. ಗೊತ್ತಿಲ್ಲದಿದ್ದರೆ ಅದು ಎದುರಿಗೆ ಬಂದಾಗ ಅದೇ ಇದು ಎಂದು ತಿಳಿಯುವುದು ಹೇಗೆ? ತರಗತಿಯಲ್ಲಿ ಈ ಪ್ರಶ್ನೆಯನ್ನು ಓದಿದಾಗ ಅದು ಬರಿಯ ಮಾತಿನ ಚಮತ್ಕಾರ ಅನ್ನಿಸಿತ್ತು. ಜಾಲಿಯ ಮುಳ್ಳುಗಳ ನಡುವೆ ನಿಂತಾಗ ಹಾಗನ್ನಿಸಲಿಲ್ಲ. ನನ್ನಲ್ಲಿದ್ದದ್ದು ಒಂದು ಮರ, ಒಂದು ನೆರಳು, ಒಂದು ನಗು. ಇವುಗಳಿಂದ ಜಾಗ ಸಿಕ್ಕೀತೆ?

ಎರಡನೇ ದಿನ ಸಂಜೆ ಕಾಲೊನಿಯ ಕಡೆ ಹೋದೆ. ಜಗಲಿಯ ಮೇಲೆ ಮೋಟರಿನ ವೈರು ಸುತ್ತುತ್ತಿದ್ದ, ನನ್ನ ವಯಸ್ಸಿನವರೇ ಆದ ಒಬ್ಬರನ್ನು ಕೇಳಿದೆ. ‘ಯಾರ ಮನೆ ಕಡೆಯೋರು?’ ಅಂದರು. ಅಜ್ಜನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು.

‘ಚೊಂಬಿನಾಗೆ ನೀರು ಹುಯ್ತಿದ್ರಲ್ಲ, ಅವರಾ?’

ಕೇಳಿದ್ದೇ ನನಗೆ ಎಲ್ಲಿಲ್ಲದ ಸಂತೋಷವಾಯಿತು. ಕೈ ಹಿಡಿದುಕೊಂಡೆ. ‘ಆ ಹೊಂಗೆಮರದ ತಲಪರಿಗೆ...’ ಎಂದು ಶುರು ಮಾಡಿದೆ.

‘ಮೇಲಿನೋರ ತಲಪರಿಗೆ ಅನ್ನಿ. ನಾವು ಹಂಗೇ ಅಂತಿದ್ದಿದ್ದು.’

ಎರಡು ದಿನ ನನ್ನ ಹುಡುಕಾಟ ಕೂಡದೆ ಹೋದದ್ದು ಒಂದು ಹೆಸರಿಗೆ. ನಮ್ಮ ಮನೆಯಲ್ಲಿ ಅದಕ್ಕೆ ಮರದ ಹೆಸರು, ಅವರ ಮನೆಗಳಲ್ಲಿ ನಮ್ಮ ಹೆಸರು.

ಅವರೇ ಕರೆದುಕೊಂಡು ಹೋದರು. ಹೊಂಗೆ ಇರಲಿಲ್ಲ, ಬೊಡ್ಡೆ ಮಾತ್ರ ಇತ್ತು. ಚಪ್ಪಡಿಗಳು ಒಳಕ್ಕೆ ಕುಸಿದಿದ್ದವು. ದಾರಿಯಲ್ಲಿ ಅವರು ನಿಧಾನವಾಗಿ ಹೇಳಿದ್ದು ಇಷ್ಟು. ಅವರ ತಂದೆ ಊರಿನ ನೀರುಗಂಟಿ. ಪ್ರತಿ ವರ್ಷ ಈ ಗುಂಡಿಗಿಳಿದು ಹೂಳೆತ್ತುತ್ತಿದ್ದದ್ದು ಅವರೇ. ‘ಹೂಳು ಎತ್ತಾಕೆ ಇಳೀಬೌದಿತ್ತು. ಪೂಜೆ ಆದ್ಮೇಲೆ ಇಳಿಯಂಗಿರ್ಲಿಲ್ಲ. ಬಾಯಾರಿದ್ರೆ ಯಾರಾದ್ರೂ ಬಂದು ಹುಯ್ಯೋಗಂಟ ಕಾಯಾದು.’

‘ನಾವು ನಗ್ತಿದ್ವಿ ಅಂತ ನೆನಪು,’ ಅಂದೆ.

‘ಹೂಂ. ನಕ್ಕರೆ ನೀವು ಬೇಗ ಹುಯ್ತಿದ್ರಿ.’

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಯಾವ ಮೋಟರು ಎಷ್ಟು ನೀರೆತ್ತುತ್ತದೆ ಎಂದು ಹೇಳುವ ಹಾಗೆ ಹೇಳಿದರು.

ಮನಶ್ಶಾಸ್ತ್ರಜ್ಞ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ನೆನಪಿನ ಅಧ್ಯಯನದಲ್ಲಿ ಒಂದು ಪ್ರಯೋಗವಿದೆ. ಇಂಗ್ಲೆಂಡಿನ ಓದುಗರಿಗೆ ಅಮೆರಿಕದ ಮೂಲನಿವಾಸಿಗಳ ಒಂದು ಕತೆ ಕೊಟ್ಟು, ಬಿಟ್ಟು ಬಿಟ್ಟು ಮತ್ತೆ ಹೇಳಿಸಿದರು. ಅರ್ಥವಾಗದ ಸಂಗತಿಗಳು ಒಂದೊಂದಾಗಿ ಉದುರಿಹೋದವು, ಇಲ್ಲವೇ ಪರಿಚಿತ ಸಂಗತಿಗಳಾಗಿ ಮಾರ್ಪಟ್ಟವು. ನಾನೂ ಅದನ್ನೇ ಮಾಡಿದ್ದೆ. ಒಬ್ಬ ಹುಡುಗ ನೀರಿನ ಪಕ್ಕದಲ್ಲೇ ನಿಂತು ನೀರಿಗೆ ಇಳಿಯದಿರುವುದು ಏಳು ವರ್ಷದ ನನಗೆ ಅರ್ಥವಾಗದ ಸಂಗತಿ. ಆಟ ಅರ್ಥವಾಗುತ್ತಿತ್ತು. ಅದನ್ನು ಆಟ ಮಾಡಿಕೊಂಡೆ.

ನಮ್ಮ ನೈಯಾಯಿಕರು ಸ್ಮೃತಿಯನ್ನು ಪ್ರಮೆಯೊಳಗೆ ಸೇರಿಸುವುದಿಲ್ಲ. ಹಿಂದೆ ಅನುಭವಕ್ಕೆ ಬಂದದ್ದನ್ನೇ ಅದು ಮತ್ತೆ ತಂದುಕೊಡುತ್ತದೆ, ಹೊಸದಾಗಿ ಏನನ್ನೂ ತಿಳಿಸುವುದಿಲ್ಲ. ಈ ಮಾತಿನ ತೂಕ ನನಗೆ ಆ ಸಂಜೆ ಗೊತ್ತಾಯಿತು. ಜಾಗ ಅರ್ಧ ನೆನಪಿದೆ, ಉಳಿದರ್ಧ ಮರೆತಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ನಾನು ಏನನ್ನೂ ಮರೆತಿರಲಿಲ್ಲ. ನನ್ನ ಅನುಭವವೇ ಅರ್ಧವಾಗಿತ್ತು. ಉಳಿದರ್ಧ ಬೊಗಸೆಯೊಡ್ಡಿ ನಿಂತವನ ಕಡೆ ಇತ್ತು. ನಾನು ಎಷ್ಟೇ ಕಣ್ಣು ಮುಚ್ಚಿ ನೆನೆಸಿಕೊಂಡರೂ ಅದು ಸಿಗುವಂಥದ್ದಲ್ಲ, ಕೇಳಿ ತಿಳಿಯಬೇಕಾದದ್ದು.

ಹಾಗಾದರೆ ತಪ್ಪು ಯಾರದು? ಏಳು ವರ್ಷದ ಹುಡುಗನದಂತೂ ಅಲ್ಲ. ತಿಳಿಯದೆ ಮಾಡಿದ್ದಕ್ಕೆ ಮಗುವನ್ನು ಯಾರೂ ಕಟಕಟೆಗೆ ನಿಲ್ಲಿಸುವುದಿಲ್ಲ. ಅಜ್ಜ, ಅವರ ಊರು, ಆ ಕಟ್ಟುಪಾಡು ಎನ್ನಬಹುದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ನಾನು ನೀರು ಹೊಯ್ದದ್ದು ಅದಾಗಿ ಅರ್ಧ ಶತಮಾನ ಕಳೆದ ಮೇಲೆ. ಆದರೆ ಹಾಗೆ ಹೇಳಿ ಮುಗಿಸಿದರೆ ಇಪ್ಪತ್ತೈದು ವರ್ಷದ ನಾನು ನುಣುಚಿಕೊಂಡ ಹಾಗಾಗುತ್ತದೆ. ಎತ್ತರದಿಂದ ಬೊಗಸೆಗೆ ನೀರು ಹೊಯ್ಯುವುದೆಂದರೆ ಏನು ಎಂದು ಆ ವಯಸ್ಸಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ದಲಿತ ಆತ್ಮಕಥನಗಳಲ್ಲಿ ಓದಿ ಕಣ್ಣೀರು ಹಾಕಿದ್ದೆ, ಅವುಗಳ ಬಗ್ಗೆ ಮಾತಾಡಿದ್ದೆ. ಅದೇ ವಾರ ಹಾಸ್ಟೆಲಿನಲ್ಲಿ ಗೆಳೆಯರಿಗೆ ತಲಪರಿಗೆಯ ಕತೆಯನ್ನು ಸವಿದು ಸವಿದು ಹೇಳಿದ್ದೂ ಉಂಟು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಲಿಲ್ಲ. ಬೇರೆಯವರ ಮಾತನ್ನೆಲ್ಲ ಒರೆಗೆ ಹಚ್ಚುವ ನಾವು ನಮ್ಮ ಸುಖದ ನೆನಪನ್ನು ಮಾತ್ರ ದೇವರ ಗೂಡಿನಲ್ಲಿಟ್ಟು ಕೈಮುಗಿಯುತ್ತೇವೆ. ನನ್ನ ತಪ್ಪು ಅಲ್ಲಿದೆ.

ಗುಂಡಿಯ ಅಂಚಿನಲ್ಲಿ ‘ತಪ್ಪಾಯ್ತು’ ಅಂದೆ. ಅವರಿಗೆ ಮುಜುಗರವಾಯಿತು. ‘ಬಿಡಿ ಸಾ, ಆವಾಗ ನೀವೂ ಹುಡುಗ್ರು’ ಎಂದು ನನಗೇ ಸಮಾಧಾನ ಹೇಳಿದರು. ನನ್ನ ಕ್ಷಮೆ ಅವರ ಹೆಗಲಿಗೆ ಇನ್ನೊಂದು ಕೆಲಸ ಹೊರಿಸಿತ್ತು. ಹಿಂದೆ ನೀರಿಗಾಗಿ ನನ್ನನ್ನು ನಗಿಸಬೇಕಿತ್ತು, ಈಗ ನನ್ನ ನೆಮ್ಮದಿಗಾಗಿ ನನ್ನನ್ನು ಮನ್ನಿಸಬೇಕಿತ್ತು. ಕ್ಷಮೆ ಕೇಳಬಾರದೆಂದು ಹೇಳುತ್ತಿಲ್ಲ. ಕೇಳಿದ ಮೇಲೆ ಎದುರಿನವರಿಂದ ಏನನ್ನೂ ಕಾಯದಿರಲು ಕಲಿಯಬೇಕು.

ಅವರಿಗೆ ಬೇಕಿದ್ದದ್ದು ಬೇರೆ. ‘ನೀವು ಓದಿರೋರು. ಪಂಚಾಯ್ತಿಗೆ ಒಂದು ಅರ್ಜಿ ಬರ್ಕೊಡ್ತೀರಾ? ನರೇಗಾದಾಗೆ ಹೂಳು ತೆಗೆಸಿದ್ರೆ, ಮಳೆ ಚೆನ್ನಾಗಾದ ವರ್ಷ ಒಂದೀಟು ನೀರು ಬರ್ತದೆ.’ ಕೆಳಗೆ ಅವರಿಗೆ ಇಪ್ಪತ್ತು ಗುಂಟೆ ಹೊಲವಿದೆ.

ಅವರ ಜಗಲಿಯಲ್ಲಿ ಕೂತು ಬರೆದೆ. ಜಾಗವನ್ನು ಏನೆಂದು ಕರೆಯಬೇಕೆಂದು ತೋಚದೆ ಕೇಳಿದೆ. ‘ಬರೀ ತಲಪರಿಗೆ ಅಂತ ಹಾಕಿ’ ಅಂದರು. ಸರ್ವೆ ನಂಬರು, ಚೆಕ್ಕುಬಂದಿ ಎಲ್ಲ ಅವರಿಗೆ ಬಾಯಿಪಾಠ. ಕೊನೆಗೆ ಅರ್ಜಿದಾರರ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

‘ಮೆನೊ’ ಸಂವಾದದಲ್ಲಿ, ಕಲಿಕೆಯೆಂದರೆ ನೆನಪಿಸಿಕೊಳ್ಳುವುದು ಎಂದು ತೋರಿಸಲು ಸಾಕ್ರಟಿಸ್ ಒಬ್ಬ ಗುಲಾಮ ಹುಡುಗನನ್ನು ಕರೆಸಿ ರೇಖಾಗಣಿತದ ಪ್ರಶ್ನೆ ಕೇಳುತ್ತಾನೆ. ಅವನು ಗ್ರೀಕ್ ಮಾತಾಡುತ್ತಾನೋ ಇಲ್ಲವೋ ಎಂದು ಮೊದಲೇ ವಿಚಾರಿಸುತ್ತಾನೆ. ಹೆಸರು ಕೇಳುವುದಿಲ್ಲ, ಆ ಹುಡುಗನ ಹೆಸರು ಅಲ್ಲೆಲ್ಲೂ ಇಲ್ಲ. ಎಷ್ಟೋ ಸಲ ಓದಿದ್ದೆ, ಗಮನಿಸಿರಲಿಲ್ಲ.

‘ನಿಮ್ಮ ಹೆಸರು?’ ಅಂದೆ. ಹೇಳಿದರು. ಬರೆದುಕೊಂಡೆ. ಅವರು ಅರ್ಜಿಯನ್ನು ಒಮ್ಮೆ ಪೂರ್ತಿ ಓದಿ, ಒಂದು ಸರ್ವೆ ನಂಬರು ತಿದ್ದಿಸಿ, ಸಹಿ ಹಾಕಿದರು.