ಸ್ಯಾತ್ ಮತ್ತು ಏವ

ಮೂಡುಬಿದಿರೆಯ ನಮ್ಮ ಮನೆಯ ಚಾವಡಿಯಲ್ಲಿ ಅಜ್ಜನ ಇಳಿಮೇಜಿನ ಮೇಲೆ ಎರಡು ಶಾಯಿ ಬಾಟಲಿಗಳಿರುತ್ತಿದ್ದವು, ಒಂದು ಕಪ್ಪು, ಒಂದು ಕೆಂಪು. ಹಳೆಯ ಓಲೆಗರಿಗಳನ್ನು ಓದಿ ಕಾಗದಕ್ಕೆ ಇಳಿಸುವುದು ಅವರು ಬಾಳೆಲ್ಲ ಮಾಡಿದ ಕೆಲಸ. ಜೈನರ ಧವಲಾ ಗ್ರಂಥಗಳ ತಾಳೆಗರಿ ಉಳಿದು ಬಂದದ್ದು ನಮ್ಮೂರಿನ ಸಿದ್ಧಾಂತ ಬಸದಿಯಲ್ಲಿ. ಅದರ ಮಾತು ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡದ್ದು. ಅಂಥ ಊರಿನಲ್ಲಿ ಬೆಳೆದವರಿಗೆ ಒಂದು ಅಕ್ಷರ ಎಂದರೆ ಸಣ್ಣ ಸಂಗತಿಯಲ್ಲ. ದಕಾರಕ್ಕೂ ಧಕಾರಕ್ಕೂ ನಡುವೆ ಇರುವುದು ಒಂದು ಚಿಕ್ಕ ಸೀಳು. ಅದು ಕಂಟದ ಗೀರೋ, ಗರಿಯ ನಾರೋ, ಹುಳ ತಿಂದ ಗುರುತೋ ಎಂದು ಅಜ್ಜ ಗರಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಅರ್ಧ ಗಂಟೆ ನೋಡುತ್ತಿದ್ದರು. ಮೂಲವನ್ನು ಕಪ್ಪಿನಲ್ಲಿ ಬರೆದು, ಇನ್ನೊಂದು ಪ್ರತಿಯಲ್ಲಿ ಬೇರೆ ಅಕ್ಷರ ಇದ್ದರೆ ಅದನ್ನು ಅಂಚಿನಲ್ಲಿ ಕೆಂಪಿನಲ್ಲಿ ಬರೆಯುತ್ತಿದ್ದರು. ಅದಕ್ಕೆ ಪಾಠಾಂತರ ಎಂದು ಹೆಸರು.

"ಯಾವುದು ಸರಿ ಅಜ್ಜ?" ಎಂದು ಕೇಳಿದರೆ, "ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೀಬೇಕು ಮಗಾ. ಇನ್ನೊಂದು ಪ್ರತಿ ಸಿಕ್ಕಿದ ದಿನ ನೋಡುವ" ಎನ್ನುತ್ತಿದ್ದರು.

ನಾನು ಓದಿದ್ದು ಬೇರೆ ಗ್ರಂಥ. ಮಂಗಳಗಂಗೋತ್ರಿಯಲ್ಲಿ ಎಂಎಸ್ಸಿ ಮುಗಿಸಿ, ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿದೆ. ಬಾಯಿ ಕ್ಯಾನ್ಸರಿನ ಗೆಡ್ಡೆಗಳಲ್ಲಿ ಪಿ53 ಎಂಬ ಜೀನು ಎಲ್ಲೆಲ್ಲಿ ಕೆಟ್ಟಿದೆ ಎಂದು ಹುಡುಕುವ ಕೆಲಸ. ಎಲೆಅಡಿಕೆ ಹೊಗೆಸೊಪ್ಪು ಜಗಿಯುವ ನಮ್ಮ ಕರಾವಳಿಯವರ ದವಡೆಯ ತುಣುಕುಗಳೂ ಅದರಲ್ಲಿದ್ದವು. ಜೆಲ್ಲನ್ನು ರಾತ್ರಿಯಿಡೀ ಓಡಿಸಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿದರೆ ಪಟ್ಟಿಗಳು ಮೂಡುತ್ತಿದ್ದವು. ಒಂದು ಪಟ್ಟಿ ಕೂದಲೆಳೆಯಷ್ಟು ಸರಿದಿದ್ದರೂ ಅಲ್ಲಿ ಡಿಎನ್‌ಎಯ ಒಂದು ಅಕ್ಷರ ಬದಲಾಗಿರಬಹುದು. ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಜೀವಕೋಶ ಒಡೆದು ಎರಡಾಗುವಾಗಲೆಲ್ಲ ಅಷ್ಟನ್ನೂ ಪ್ರತಿ ಮಾಡಬೇಕು. ಪ್ರತಿ ಮಾಡುವ ಕಡೆ ಪಾಠಾಂತರ ಹುಟ್ಟದೆ ಇರದು. ನನ್ನ ಇಪ್ಪತ್ತೇಳು ವರ್ಷದ ಕೆಲಸವೆಲ್ಲ ಆ ಪಾಠಾಂತರಗಳಲ್ಲಿ ಯಾವುದು ರೋಗ, ಯಾವುದು ಬರಿಯ ವ್ಯತ್ಯಾಸ ಎಂದು ಬಿಡಿಸಿ ನೋಡುವುದು.

2013ರಲ್ಲಿ ನಾನು ಆ ಕೆಲಸದಲ್ಲಿ ಒಂದು ತಪ್ಪು ಮಾಡಿದೆ.

ಆಗ ಒಂದು ಖಾಸಗಿ ಪ್ರಯೋಗಾಲಯದಲ್ಲಿದ್ದೆ. ಆ ವರ್ಷ ಮೇ ತಿಂಗಳಲ್ಲಿ ನಟಿ ಏಂಜಲಿನಾ ಜೋಲಿ ತನಗೆ ಬಿಆರ್‌ಸಿಎ1 ಎಂಬ ಜೀನಿನ ದೋಷವಿರುವುದನ್ನೂ, ಕ್ಯಾನ್ಸರ್ ಬರುವ ಮೊದಲೇ ಎರಡೂ ಸ್ತನಗಳನ್ನು ತೆಗೆಸಿಕೊಂಡದ್ದನ್ನೂ ಬರೆದುಕೊಂಡಿದ್ದಳು. ಅದನ್ನು ಓದಿ ನಮ್ಮಲ್ಲಿಗೂ ಹೆಂಗಸರು ಬರತೊಡಗಿದರು. ಶಿವಮೊಗ್ಗ ಕಡೆಯ ಒಬ್ಬರು ಆ ಸುದ್ದಿಯ ಪೇಪರ್ ತುಂಡನ್ನೇ ಮಡಚಿ ಪರ್ಸಿನಲ್ಲಿಟ್ಟುಕೊಂಡು ಬಂದಿದ್ದರು. ವಯಸ್ಸು ಮೂವತ್ತೆಂಟು. ಅವರ ಅಕ್ಕನಿಗೆ ಮೂವತ್ತೊಂಬತ್ತಕ್ಕೆ ಸ್ತನದ ಕ್ಯಾನ್ಸರ್ ಕಂಡು, ನಲವತ್ತೊಂದಕ್ಕೆ ತೀರಿಹೋಗಿದ್ದರು. ಇವರಿಗೆ ಏನೂ ಇರಲಿಲ್ಲ, ಭಯವೊಂದನ್ನು ಬಿಟ್ಟು.

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಅವರ ರಕ್ತ ಬಂತು. ಪರದೆಯ ಮೇಲೆ ಅಕ್ಷರಗಳು ನಾಲ್ಕು ಬಣ್ಣದ ಶಿಖರಗಳಾಗಿ ಓಡುತ್ತವೆ: ಎ ಹಸಿರು, ಸಿ ನೀಲಿ, ಜಿ ಕಪ್ಪು, ಟಿ ಕೆಂಪು. ಬಿಆರ್‌ಸಿಎ2 ಜೀನಿನ ಒಂದು ಕಡೆ ಕಪ್ಪು ಶಿಖರ ಅರ್ಧಕ್ಕೆ ತಗ್ಗಿತ್ತು, ಅದರೊಳಗಿಂದಲೇ ಅಷ್ಟೇ ಎತ್ತರದ ಕೆಂಪು ಶಿಖರ ಎದ್ದಿತ್ತು. ಅಪ್ಪನಿಂದ ಬಂದ ಪ್ರತಿಯಲ್ಲಿ ಒಂದು ಅಕ್ಷರ, ಅಮ್ಮನಿಂದ ಬಂದದ್ದರಲ್ಲಿ ಇನ್ನೊಂದು. ಆ ಜೀನು ಮಾಡುವ ಪ್ರೋಟೀನಿನ 3,418 ಅಮೈನೋ ಆಮ್ಲಗಳಲ್ಲಿ ಒಂದು ಬದಲಾಗಿದೆ, ಅಷ್ಟೇ. ನಮ್ಮ ಕೈಗೆ ಸಿಗುತ್ತಿದ್ದ ದತ್ತಾಂಶಗಳಲ್ಲಿ ಅದು ಯಾರಲ್ಲೂ ಇರಲಿಲ್ಲ. ಸಿಫ್ಟ್, ಪಾಲಿಫೆನ್ ಎಂಬ ತಂತ್ರಾಂಶಗಳೆರಡೂ ಹಾನಿಕಾರಕ ಇರಬಹುದು ಎಂದವು. ಕಪ್ಪೂ ಕೆಂಪೂ ಹಾಗೆ ಕಣ್ಣೆದುರಿಗೇ ಇದ್ದರೂ ಅಜ್ಜನ ಮೇಜು ನನಗೆ ಆಗ ನೆನಪಾಗಲಿಲ್ಲ.

ಜೆನೆಟಿಕ್ ಕೌನ್ಸೆಲರ್ ಎಂಬವರು ಅಲ್ಲಿರಲಿಲ್ಲ. ವರದಿಯ ನಮೂನೆಯಲ್ಲಿ ಇದ್ದದ್ದು ಎರಡೇ ಕಲಂ: ಪತ್ತೆಯಾಗಿದೆ, ಪತ್ತೆಯಾಗಿಲ್ಲ. ಅವರು ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು: "ಹೌದೋ ಅಲ್ಲವೋ, ಒಂದು ಮಾತು ಹೇಳಿಬಿಡಿ ಮೇಡಂ." ಅವರ ಮುಖ ನೋಡಿ ನನಗೆ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ಇದೇ ಕಾರಣ ಇರಬೇಕು" ಎಂದೆ. ಕರುಣೆಯಿಂದಲೇ ಹೇಳಿದೆ ಎಂದು ಬಹಳ ಕಾಲ ನಂಬಿದ್ದೆ. ಆರು ತಿಂಗಳಲ್ಲಿ ಅವರು ಸ್ತನಗಳನ್ನೂ ಅಂಡಾಶಯಗಳನ್ನೂ ತೆಗೆಸಿಕೊಂಡರು.

2014ರ ಕೊನೆಗೆ ಎಕ್ಸಾಕ್ ಎಂಬ ಸಂಗ್ರಹ ಎಲ್ಲರಿಗೂ ತೆರೆಯಿತು: 60,706 ಜನರ ಜೀನುಗಳ ಓದು. ಅದರಲ್ಲಿ ದಕ್ಷಿಣ ಏಷ್ಯಾದವರು ಎಂಟು ಸಾವಿರಕ್ಕೂ ಹೆಚ್ಚು. ನಮ್ಮಲ್ಲೂ ಪರೀಕ್ಷೆಗಳು ಗುಡ್ಡೆಬಿದ್ದವು. ಒಂದೊಂದಾಗಿ ಆ ಅಕ್ಷರ ಆರೋಗ್ಯವಾಗಿರುವವರಲ್ಲಿ, ಮುದುಕಿಯರಲ್ಲಿ, ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಬಾರದವರಲ್ಲಿ ಕಾಣಿಸತೊಡಗಿತು. ಯಾರಲ್ಲೂ ಕಂಡಿಲ್ಲ ಎಂದು ನಾವು ಹೆದರಿದ್ದು, ಹೆಚ್ಚಾಗಿ ಯುರೋಪ್ ಮೂಲದವರದೇ ಆದ ಭಂಡಾರದಲ್ಲಿ ಹುಡುಕಿದ್ದಕ್ಕೆ. ಒಂದೇ ಮಠದ ಪ್ರತಿಗಳನ್ನು ನೋಡಿ, ಇಲ್ಲದ ಅಕ್ಷರವೆಲ್ಲ ತಪ್ಪು ಎಂದ ಹಾಗಾಯಿತು. 2018ರಲ್ಲಿ ಆ ವ್ಯತ್ಯಾಸವನ್ನು ನಿರಪಾಯ ಎಂದು ಬರೆದು ಸಹಿ ಹಾಕಿದವಳೂ ನಾನೇ.

ಆ ವರ್ಷ ಮಳೆಗಾಲದಲ್ಲಿ ಊರಿಗೆ ಹೋದಾಗ ಅಜ್ಜನ ಪೆಟ್ಟಿಗೆಯಲ್ಲಿದ್ದ ಆಪ್ತಮೀಮಾಂಸೆಯನ್ನು ತೆಗೆದು ಕೂತೆ. ಕನ್ನಡದ ಜೈನಕವಿಗಳು ಕಾವ್ಯದ ಮೊದಲಲ್ಲಿ ಭಕ್ತಿಯಿಂದ ನೆನೆಯುವ ಸಮಂತಭದ್ರಾಚಾರ್ಯರ ಕೃತಿ ಅದು. ಸ್ಯಾದ್ವಾದವನ್ನು ನಾನು ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ: ಸ್ಯಾದಸ್ತಿ, ಸ್ಯಾನ್ನಾಸ್ತಿ, ಸ್ಯಾದಸ್ತಿನಾಸ್ತಿ, ಸ್ಯಾದವಕ್ತವ್ಯ, ಹೀಗೆ ಏಳು ಭಂಗ. ಇರಬಹುದು, ಇಲ್ಲದಿರಬಹುದು ಎಂಬ ತೂಗುಯ್ಯಾಲೆ ಎಂದುಕೊಂಡಿದ್ದೆ. ಹೆಚ್ಚಿನವರು ಹಾಗೆಯೇ ತಿಳಿಯುತ್ತಾರೆ. ಶಂಕರಾಚಾರ್ಯರ ಆಕ್ಷೇಪವೂ ಇದೇ ಜಾಡಿನದು: ಒಂದೇ ವಸ್ತುವಿನಲ್ಲಿ ಪರಸ್ಪರ ವಿರುದ್ಧವಾದ ಧರ್ಮಗಳು ಒಟ್ಟಿಗೆ ಇರಲಾರವು, ಹಾಗೆ ಹೇಳುವ ಅರಿವು ಸಂಶಯದಂತೆಯೇ ಅಪ್ರಮಾಣ. ಆ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾಯುವ ಭಯದಲ್ಲಿ ಎದುರು ಕೂತವರಿಗೆ ಸಂಶಯವನ್ನು ಕೊಟ್ಟು ಕಳಿಸುವುದು ಧರ್ಮವಲ್ಲ.

ಆದರೆ ಸ್ಯಾತ್ ಎಂದರೆ 'ಬಹುಶಃ' ಅಲ್ಲ. 'ಈ ನೆಲೆಯಿಂದ ನೋಡಿದರೆ' ಎಂದು ಅರ್ಥ. ಮತ್ತು ನಮ್ಮ ಆಚಾರ್ಯರು ಸ್ಯಾತ್ ಒಂದನ್ನೇ ಬಿಡಲಿಲ್ಲ, ಅದರ ಜೊತೆ ಏವ ಎಂಬ ಇನ್ನೊಂದು ಪದವನ್ನೂ ಇಟ್ಟರು. ಏವ ಎಂದರೆ 'ಖಂಡಿತ'. ಈ ನೆಲೆಯಿಂದ ನೋಡಿದರೆ ಮಡಕೆ ಇದೆ, ಖಂಡಿತ ಇದೆ. ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವ ಎಂಬ ನಾಲ್ಕು ಎಲ್ಲೆಗಳನ್ನು ಮೊದಲು ಹಾಕಬೇಕು. ಹಾಕಿದ ಮೇಲೆ ಆ ಎಲ್ಲೆಯೊಳಗೆ ಅಳುಕಬಾರದು. ಇಷ್ಟು ವರ್ಷ ಆ ಏವ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಎಲ್ಲವೂ ನಮ್ಮ ಹಿಂದಿನವರಿಗೆ ಗೊತ್ತಿತ್ತು ಎಂಬ ವಾದ ನನ್ನದಲ್ಲ. ಸಮಂತಭದ್ರರಿಗೆ ಜೀನು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅವರು ಕೇಳಿದ್ದು, ಒಂದು ವಸ್ತುವಿನ ಬಗ್ಗೆ ಸುಳ್ಳಾಗದ ಹಾಗೆ ಮಾತಾಡುವುದು ಹೇಗೆ ಎಂದು. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ 1954ರಲ್ಲಿ ತಮ್ಮ ಶಾಸ್ತ್ರದ ಬುನಾದಿಯ ಬಗ್ಗೆ ಬರೆಯುವಾಗ ಸ್ಯಾದ್ವಾದವನ್ನು ಎತ್ತಿಕೊಂಡರು. ಇಂಗ್ಲೆಂಡ್ ಬಿಟ್ಟು ಕಲ್ಕತ್ತಕ್ಕೆ ಬಂದು ನೆಲೆಸಿದ ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ 'ಸಾಂಖ್ಯ' ಪತ್ರಿಕೆಯಲ್ಲಿ ಏಳು ಭಂಗಗಳ ಮೇಲೆಯೇ ಒಂದು ಲೇಖನ ಬರೆದರು. ಅಳೆಯುವ ಕೆಲಸದವರಿಗೆ ಅದು ಪರಕೀಯವಾಗಿ ಕಾಣಲಿಲ್ಲ.

ನನ್ನ ಮೇಜಿನ ಮೇಲಿನದೇ ಒಂದು ಉದಾಹರಣೆ ಕೊಡುತ್ತೇನೆ. ಬಿರಾಫ್ ಎಂಬ ಜೀನಿನಲ್ಲಿ 600ನೆಯ ಜಾಗದ ವ್ಯಾಲಿನ್ ಹೋಗಿ ಗ್ಲುಟಮೇಟ್ ಬರುತ್ತದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಸುಮಾರು ಅರ್ಧ ರೋಗಿಗಳಲ್ಲಿ ಈ ಜೀನು ಕೆಟ್ಟಿರುತ್ತದೆ, ಹೆಚ್ಚಾಗಿ ಇದೇ ಜಾಗದಲ್ಲಿ. ಇದೇ ಬದಲಾವಣೆ ನಮ್ಮ ನಿಮ್ಮ ಮೈಮೇಲಿನ ಎಷ್ಟೋ ಸಾಮಾನ್ಯ ಮಚ್ಚೆಗಳಲ್ಲೂ ಇದೆ. ಮಚ್ಚೆ ಒಂದಿಷ್ಟು ಬೆಳೆದು, ನಿಂತು, ಜೀವಮಾನವಿಡೀ ಸುಮ್ಮನಿರುತ್ತದೆ. 2011ರಲ್ಲಿ ಈ ದೋಷಕ್ಕೆಂದೇ ವೆಮುರಾಫೆನಿಬ್ ಮಾತ್ರೆ ಬಂತು. ಮೆಲನೋಮಾ ಗೆಡ್ಡೆಗಳು ಕಣ್ಣೆದುರು ಕುಗ್ಗಿದವು. ಅದೇ ಅಕ್ಷರ ಕೆಟ್ಟಿರುವ ದೊಡ್ಡಕರುಳಿನ ಕ್ಯಾನ್ಸರಿಗೆ ಅದೇ ಮಾತ್ರೆ ಕೊಟ್ಟರೆ ಹೆಚ್ಚೇನೂ ಆಗಲಿಲ್ಲ. ಏಕೆಂದರೆ ಕರುಳಿನ ಕೋಶದಲ್ಲಿ ಒಂದು ದಾರಿ ಮುಚ್ಚಿದ ಕೂಡಲೇ ಇಜಿಎಫ್‌ಆರ್ ಎಂಬ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ಈ ಅಕ್ಷರ ಕ್ಯಾನ್ಸರೇ, ಅಲ್ಲವೇ? ಕ್ಷೇತ್ರ ಹೇಳದೆ, ಕಾಲ ಹೇಳದೆ ಕೊಟ್ಟ ಉತ್ತರ ಯಾವುದಾದರೂ ಸುಳ್ಳೇ ಆಗುತ್ತದೆ. ಎಲ್ಲೆ ಹಾಕಿ ಹೇಳಿದರೆ ಎರಡೂ ಮಾತು ನಿಜ, ಖಂಡಿತ ನಿಜ.

2013ರಲ್ಲಿ ನಾನು ಸ್ಯಾತ್ ಬಿಟ್ಟು ಏವ ಹೇಳಿದ್ದೆ.

ಈಗ ನಮ್ಮ ವೃತ್ತಿಯವರಲ್ಲಿ ತಿರುಗುಮುರುಗಾದ ದೋಷ ಕಾಣುತ್ತಿದ್ದೇನೆ. 2015ರಲ್ಲಿ ಅಮೆರಿಕದ ವೈದ್ಯಕೀಯ ತಳಿಶಾಸ್ತ್ರದವರು ಐದು ದರ್ಜೆ ಮಾಡಿದರು: ರೋಗಕಾರಕ, ರೋಗಕಾರಕವಿರುವ ಸಂಭವ, ಅನಿಶ್ಚಿತ, ನಿರಪಾಯವಿರುವ ಸಂಭವ, ನಿರಪಾಯ. 'ಸಂಭವ' ಎನ್ನಬೇಕಾದರೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಖಾತ್ರಿ ಬೇಕು. ನಡುವಿನ ದರ್ಜೆಗೆ ನಾವು ವಿಯುಎಸ್ ಎನ್ನುತ್ತೇವೆ. ಅವಕ್ತವ್ಯ, ಇಂದಿಗೆ ನುಡಿಯಲಾಗದ್ದು. ಆ ದರ್ಜೆ ಬಹಳ ಪ್ರಾಮಾಣಿಕವಾದದ್ದು. ಆದರೆ ಅದನ್ನು ಮರೆ ಮಾಡಿಕೊಂಡು ಕೂರುವುದನ್ನೂ ಕಂಡಿದ್ದೇನೆ. ಅಪ್ಪ ಅಮ್ಮನ ರಕ್ತ ತರಿಸಿ ನೋಡಿದರೆ ಬಗೆಹರಿಯುವ ಸಂಗತಿಯನ್ನು 'ಅನಿಶ್ಚಿತ' ಎಂದು ಸಹಿ ಮಾಡಿ ಕೈತೊಳೆದುಕೊಳ್ಳುತ್ತಾರೆ. ಎರಡು ವರ್ಷದ ಮೇಲೆ ಅರ್ಥ ಬದಲಾದರೆ ರೋಗಿಗೆ ತಿಳಿಸುವವರಿಲ್ಲ. ಅದು ಸ್ಯಾದ್ವಾದವಲ್ಲ, ಆಲಸ್ಯ. ಅವಕ್ತವ್ಯ ಎಂದವನ ಮೇಲೆ ಇನ್ನೊಂದು ಪ್ರತಿ ಹುಡುಕುವ ಹೊಣೆ ಬೀಳುತ್ತದೆ. 2020ರಲ್ಲಿ ಜೀನೋಮ್ ಇಂಡಿಯಾ ಯೋಜನೆ ಶುರುವಾದಾಗ, ನಮ್ಮ ದೇಶದ ಹತ್ತು ಸಾವಿರ ಜನರ ಜೀನೋಮನ್ನು ಓದುತ್ತಾರೆ ಎಂದು ಕೇಳಿ ನನಗಾದ ಸಂತೋಷ ಸಣ್ಣದಲ್ಲ. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆಯಿತು. ಅದು ನಮ್ಮವರ ಪ್ರತಿಗಳ ಭಂಡಾರ.

2018ರಲ್ಲಿ ವರದಿ ಬದಲಾದದ್ದನ್ನು ಶಿವಮೊಗ್ಗ ಕಡೆಯ ಆ ಹೆಂಗಸಿಗೆ ಅಂಚೆಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಅವರ ಡಾಕ್ಟರಿಗೆ ಹೇಳಿ, ಅವರ ಒಪ್ಪಿಗೆ ಕೇಳಿ, ನಾನೇ ಹೋದೆ. ಅಡಿಕೆ ಅಂಗಳದ ಪಕ್ಕದ ಜಗುಲಿಯಲ್ಲಿ ಕೂತು ಎಲ್ಲ ಹೇಳಿದೆ. ನಾನು ಅಂದು ಗೊತ್ತಿಲ್ಲ ಎನ್ನಬೇಕಿತ್ತು, ಎನ್ನಲಿಲ್ಲ, ತಪ್ಪು ನನ್ನದು ಎಂದೆ. ಅವರು ಸೆರಗನ್ನು ಎದೆಯ ಮೇಲೆ ಒಮ್ಮೆ ಸರಿಮಾಡಿಕೊಂಡರು. ಬಹಳ ಹೊತ್ತು ಅಂಗಳ ನೋಡುತ್ತಿದ್ದರು.

"ಗೊತ್ತಿಲ್ಲ ಅಂದಿದ್ರೂ ನಾನು ತೆಗೆಸ್ತಿದ್ನೇನೋ ಮೇಡಂ. ಅಕ್ಕನ್ನ ನೋಡ್ಕೊಂಡವಳು ನಾನು" ಎಂದರು. ಸ್ವಲ್ಪ ತಡೆದು, "ಆದ್ರೆ ಆಗ ತೆಗೆಸ್ಕೊಂಡೋಳು ನಾನಾಗಿರ್ತಿದ್ದೆ" ಎಂದರು.

ಒಳಗಿನಿಂದ ಮಗಳು ಬಂದು ಬಾಗಿಲ ಬಳಿ ನಿಂತಳು. ಹತ್ತೊಂಬತ್ತು ವರ್ಷ. "ಹಾಗಾದ್ರೆ ಇವಳಿಗೆ ಏನೂ ಇಲ್ಲ ಅಲ್ವಾ?" ಎಂದು ತಾಯಿ ಕೇಳಿದರು. ಅದೇ ಪ್ರಶ್ನೆ, ಐದು ವರ್ಷದ ಹಿಂದಿನ ಅದೇ ಧ್ವನಿ. ಇಲ್ಲ ಎಂದರೆ ಆ ಮನೆಯಲ್ಲಿ ಹಬ್ಬವಾಗುತ್ತಿತ್ತು.

"ಈ ಅಕ್ಷರದಿಂದ ಅವಳಿಗೆ ಏನೂ ಆಗುವುದಿಲ್ಲ. ಅದು ಖಂಡಿತ" ಎಂದೆ. "ಆದರೆ ದೊಡ್ಡಮ್ಮನಿಗೆ ಯಾಕೆ ಬಂತು ಅನ್ನುವುದು ಇನ್ನೂ ತಿಳಿದಿಲ್ಲ. ಮನೆಯಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಬಂದಿದ್ದರೆ, ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ತಪಾಸಣೆ ಶುರು ಮಾಡಿ ಅನ್ನುವುದು ವಾಡಿಕೆ. ನಿಮ್ಮ ಡಾಕ್ಟರ ಹತ್ತಿರ ಮಾತಾಡಿ."

ಅವರು ಮೂವತ್ತೊಂಬತ್ತರಲ್ಲಿ ಹತ್ತು ಕಳೆದರು. ಮಗಳು ಹುಟ್ಟಿದ ವರ್ಷ ಕೂಡಿಸಿದರು. ಮಗಳ ಕೈಯಿಂದ ಪೆನ್ನು ಇಸಕೊಂಡು, ಹಳೆಯ ವರದಿಯ ಫೈಲಿನ ಹಿಂಬದಿಯಲ್ಲಿ ಅವಳ ಹೆಸರು ಬರೆದು, ಪಕ್ಕದಲ್ಲಿ 2028 ಎಂದು ಬರೆದುಕೊಂಡರು.