ಗುಡ್ಡದ ದೇವರೂ ನಡೆಯುವ ಕಾಲೂ

ದೇವರು ಎಲ್ಲೆಡೆಯಲ್ಲಿಯೂ ಇರುವನೆಂದು ಒಪ್ಪಿದವನು ಆತನನ್ನು ಕಾಣುವುದಕ್ಕೆ ಗುಡ್ಡವನ್ನೇಕೆ ಹತ್ತಬೇಕು? ಈ ಪ್ರಶ್ನೆಯನ್ನು ಕೇಳಿದವರು ನಾಸ್ತಿಕರಿಗಿಂತ ಹೆಚ್ಚಾಗಿ ಆಸ್ತಿಕರೇ. ಅದರಲ್ಲಿಯೂ ನಮ್ಮ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರಷ್ಟು ತೀವ್ರವಾಗಿ ಅದನ್ನು ಕೇಳಿದವರು ಮತ್ತೊಬ್ಬರಿಲ್ಲ. ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ತಡಿಯಲ್ಲಿ, ಅಂಬಿಗರ ಚೌಡಯ್ಯನ ಹೆಸರು ಇಂದಿಗೂ ನಿಂತಿದೆ. ಜನರನ್ನು ದಡದಿಂದ ದಡಕ್ಕೆ ಮುಟ್ಟಿಸುವ ಕಾಯಕದ ಆ ಶರಣನು ತೋರಿಕೆಯ ಭಕ್ತಿಯನ್ನು ಖಂಡಿಸಿದ ಮಾತಿನ ಬಿರುಸಿಗೆ ವಚನಸಾಹಿತ್ಯದಲ್ಲಿ ಸಾಟಿ ಕಾಣುವುದು ಕಷ್ಟ. ಅದೇ ತಾಲೂಕಿನಲ್ಲಿ ಮಾಲತೇಶನು ನೆಲೆಸಿರುವ ದೇವರಗುಡ್ಡಕ್ಕೆ ಶರನ್ನವರಾತ್ರಿಯಲ್ಲಿ ಅದೇ ಸೀಮೆಯ ಜನರು ಸಾವಿರಗಟ್ಟಲೆಯಾಗಿ ಏರಿ ಹೋಗುವರು. ಒಂದೇ ನೆಲವು ಈ ಎರಡನ್ನೂ ಹೊತ್ತು ನಿಂತಿರುವುದು ವಿರೋಧವೋ ಸಾಮರಸ್ಯವೋ ಎಂಬುದು ನನ್ನನ್ನು ಬಹುಕಾಲದಿಂದ ಹಿಡಿದಿರುವ ಜಿಜ್ಞಾಸೆ.

ಗುಡ್ಡ ಹತ್ತುವುದಕ್ಕೆ ಈ ಸೀಮೆಯಲ್ಲಿ ಶರದೃತುವಿಗಿಂತ ಒಳ್ಳೆಯ ಕಾಲವಿಲ್ಲ. ಮುಂಗಾರು ಹಿಂದೆಗೆದು, ಪಡುವಣದ ಹಾನಗಲ್ಲಿನ ಕಡೆಯ ಕಾಡುಗಳ ಮೇಲೆ ಕವಿದಿದ್ದ ಮೋಡ ಚದುರಿ, ಬಿಸಿಲು ಇನ್ನೂ ಉಗ್ರವಾಗದೆ, ನೆಲದ ತೇವವು ಇನ್ನೂ ಆರದೆ ಇರುವ ಆಶ್ವಯುಜದ ಆ ಕೆಲವು ವಾರಗಳಲ್ಲಿ ವರ್ಷದ ಬಹುಭಾಗ ಬೋಳಾಗಿ ತೋರುವ ಗುಡ್ಡಗಳು ಕುರುಚಲು ಕಾಡಿನ ಹಸುರನ್ನು ಹೊದೆದುಕೊಂಡಿರುವುವು. ದಾರಿಯ ಇಕ್ಕೆಲಗಳಲ್ಲಿ ತಂಗಡಿಯ ಹಳದಿ ಹೂವು, ಬಂಡೆಗಳ ಸಂದಿಯಲ್ಲಿ ಕಣ್ಣು ಬಿಡುತ್ತಿರುವ ಸೀತಾಫಲ, ಮೊಣಕಾಲಿಗೆ ತಾಗುವ ಹುಲ್ಲಿನ ತೆನೆ. ತಂಗಡಿಯ ಹಳದಿಗೂ ಭಕ್ತರ ಹಣೆಯ ಭಂಡಾರದ, ಎಂದರೆ ಅರಿಸಿನಪುಡಿಯ, ಹಳದಿಗೂ ಭೇದವನ್ನು ಕಾಣದಂತೆ ಆ ದಿನಗಳಲ್ಲಿ ಗುಡ್ಡವೂ ಜನವೂ ಒಂದೇ ಬಣ್ಣಕ್ಕೆ ತಿರುಗುವುವು. ದೂರದಿಂದ ‘ಏಳು ಕೋಟಿಗೋ’ ಎಂಬ ಕೂಗು, ಡಮರುಗದ ಸಪ್ಪಳ, ಕರಿಯ ಕಂಬಳಿಯ ನಿಲುವಂಗಿಯನ್ನು ತೊಟ್ಟ, ಮಾಲತೇಶನ ಸೇವಕರಾದ ಗೊರವರ ಸಾಲು.

ಅಂತಹದೊಂದು ಸಾಲಿನ ಹಿಂದೆ ನಡೆಯುತ್ತಿದ್ದಾಗ, ಬುತ್ತಿಯ ಗಂಟನ್ನು ತಲೆಯ ಮೇಲಿಟ್ಟು ಬಂಡೆಯೊಂದಕ್ಕೆ ಒರಗಿ ದಣಿವಾರಿಸಿಕೊಳ್ಳುತ್ತಿದ್ದ ವೃದ್ಧೆಯೊಬ್ಬಳನ್ನು, “ಯವ್ವಾ, ಮ್ಯಾಲಿನ ತನಕಾ ಗಾಡಿ ಹೋಗ್ತಾವಲ್ಲ, ಈ ವಯಸ್ಸಿನಾಗ ಯಾಕ ಹತ್ತಿ ಬಂದ್ರಿ?” ಎಂದು ಕೇಳಿದೆ. ಆಕೆ, “ಬಂದದ್ದು ಕಾಲಿಗೂ ಗೊತ್ತಾಗಬೇಕಲ್ಲೋ ತಮ್ಮಾ” ಎಂದಳು. ಸೆರಗಿನಿಂದ ಮುಖವನ್ನು ಒರೆಸಿಕೊಂಡು ಮತ್ತೆ ಹತ್ತತೊಡಗಿದಳು.

ಈ ಮಾತಿನಲ್ಲಿ ಒಂದು ಜ್ಞಾನಮೀಮಾಂಸೆಯೇ ಅಡಗಿದೆ. ದೇವರು ಸರ್ವವ್ಯಾಪಿಯೆಂಬುದನ್ನು ಬುದ್ಧಿಯು ಕುಳಿತಲ್ಲಿಯೇ ಒಪ್ಪಬಲ್ಲುದು. ಅದಕ್ಕೆ ಶ್ರಮವಿಲ್ಲ, ಬಹುಮಟ್ಟಿಗೆ ಫಲವೂ ಇಲ್ಲ. ದೇಹವಾದರೋ ತಾನು ಸವೆಯದೆ ಏನನ್ನೂ ಅರಿಯದು. ದೇಹವನ್ನೇ ದೇವಾಲಯವೆಂದು ಕಂಡ ಬಸವಣ್ಣನವರು ಕಾಲುಗಳನ್ನು ಅದರ ಸ್ತಂಭಗಳೆಂದು ಎಣಿಸಿದರೆಂಬುದನ್ನು ನಾವೆಲ್ಲ ಬಲ್ಲೆವು. ಆದರೆ ಈ ದೇವಾಲಯದ ಸ್ತಂಭಗಳು ನಡೆಯತಕ್ಕವು ಎಂಬುದನ್ನು ಎಷ್ಟು ಮಂದಿ ಯೋಚಿಸಿದ್ದೇವೆ? ಸ್ಥಾವರವು ಅಳಿಯುವುದು, ಜಂಗಮವು ಅಳಿಯದು ಎಂಬ ಅವರ ನಿರ್ಣಯವನ್ನು ಗುಡಿ ಬೇಡವೆಂಬ ಒಂದೇ ಅರ್ಥಕ್ಕೆ ಕುಗ್ಗಿಸಿದವರು ಅದರ ಅರ್ಧವನ್ನು ಮಾತ್ರ ಗ್ರಹಿಸಿದವರೆಂದು ನನ್ನ ಎಣಿಕೆ. ಹಣವುಳ್ಳವರು ಕಲ್ಲಿನ ಗುಡಿಯನ್ನು ಕಟ್ಟಿಸಿ, ಭಕ್ತಿಯನ್ನು ಅಲ್ಲಿ ಭದ್ರವಾಗಿರಿಸಿ, ತಾವು ಮನೆಯಲ್ಲಿ ನಿಶ್ಚಿಂತರಾಗಿರುವ ಕಾಲದಲ್ಲಿ ಆ ಮಾತು ಹುಟ್ಟಿತು. ನಿಂತುಹೋದವರಿಗೆ ಅದು ಔಷಧ. ಆದರೆ ವರ್ಷವಿಡೀ ಕುರಿಗಳ ಹಿಂದೆ ಮೇವಿನ ದಿಕ್ಕನ್ನು ಹಿಡಿದು ತಿರುಗುತ್ತ, ಇಂದು ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಹೊಲದಲ್ಲಿ ತಂಗುವ ಕುರುಬನಿಗೆ, ಬಾಳೆಲ್ಲ ಜಂಗಮವೇ ಆದವನಿಗೆ, ಅಲ್ಲಾಡದ ಒಂದು ನೆಲೆ ಕಣ್ಣಿಗೆ ಬೇಕಾಗುವುದು ಸಹಜವಲ್ಲವೆ? ಮಾಲತೇಶನು ಮಡದಿ ಗಂಗಿಮಾಳವ್ವನೊಡನೆ ಗುಡ್ಡದ ಮೇಲೆ ನಿಂತಿರುವುದು ಇವರಿಗಾಗಿ. ಹೀಗೆ ನಿಂತವರಿಗೆ ನಡೆಯೆಂದೂ ನಡೆಯುವವರಿಗೆ ನಿಲ್ಲೆಂದೂ ಹೇಳುವ ಎರಡು ಉಪದೇಶಗಳು ಒಂದೇ ಕರುಣೆಯಿಂದ ಹೊರಟವೆಂದು ತಿಳಿದರೆ ಚೌಡಯ್ಯದಾನಪುರಕ್ಕೂ ದೇವರಗುಡ್ಡಕ್ಕೂ ಜಗಳವಿಲ್ಲ.

ಮೈಲಾರನೆಂದೂ ಕರೆಯುವ ಈ ಮಾಲತೇಶನ ಪಂಥದಲ್ಲಿ ಇದಕ್ಕಿಂತಲೂ ಗಾಢವಾದ ಇನ್ನೊಂದು ಸಂಗತಿಯಿದೆ. ಗೊರವನು ತನ್ನನ್ನು ದೇವರ ನಾಯಿಯೆಂದು ಭಾವಿಸುತ್ತಾನೆ. ಹಾಲು, ತುಪ್ಪ, ಬಾಳೆಯ ಹಣ್ಣು, ಬೆಲ್ಲಗಳನ್ನು ಕಲಸಿ ತುಂಬಿದ ದೋಣಿಯ ಮುಂದೆ ಗೊರವರು ಕೈಯೂರಿ ಬಾಗಿ, ಬೊಗಳುತ್ತ, ಒಬ್ಬರನ್ನೊಬ್ಬರು ನೂಕುತ್ತ ಬಾಯಿಂದಲೇ ಉಣ್ಣುವ ದೋಣಿಸೇವೆಯನ್ನು ಮೊದಲ ಬಾರಿಗೆ ಕಂಡ ವಿದ್ಯಾವಂತನು ಮುಖವನ್ನು ತಿರುಗಿಸಿಕೊಳ್ಳಬಹುದು. ತಿರುಗಿಸಿಕೊಳ್ಳಬಾರದೆಂದು ನಾನು ಬೇಡುತ್ತೇನೆ. ಮನುಷ್ಯನು ತಾನು ಕಟ್ಟಿಕೊಂಡ ಗೌರವವನ್ನು ನೆಲಕ್ಕಿಳಿಸಿ, ಒಡೆಯನ ಬೆನ್ನು ಹತ್ತುವುದರ ಹೊರತು ಬೇರೆ ಯಾವ ತತ್ತ್ವವನ್ನೂ ಅರಿಯದ ಪ್ರಾಣಿಯಾಗಲು ಒಪ್ಪುವುದು ಸಾಮಾನ್ಯವಾದ ಸಾಧನೆಯಲ್ಲ. ಒಡೆಯನು ಎಲ್ಲೆಡೆ ಇರುವನೆ, ಒಂದೆಡೆ ಇರುವನೆ ಎಂದು ನಾಯಿ ತರ್ಕಿಸದು. ಅವನು ಹೋದತ್ತ ಹೋಗುವುದು. ಸರ್ವವ್ಯಾಪಿತ್ವದ ಸಿದ್ಧಾಂತವು ಮುಟ್ಟಲಾರದ ಒಂದು ಸಾಮೀಪ್ಯ ಅಲ್ಲಿದೆ.

ಮಹಾನವಮಿಯಂದು ಕಾರ್ಣಿಕ, ಎಂದರೆ ದೇವರ ಭವಿಷ್ಯವಾಣಿ. ಉಪವಾಸವಿದ್ದ ಗೊರವಯ್ಯನು ಜನರು ಹಿಡಿದ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಗರ್ಜಿಸುತ್ತಲೆ, ಆವರೆಗೆ ಭೋರ್ಗರೆಯುತ್ತಿದ್ದ ಅಷ್ಟು ದೊಡ್ಡ ಸಮುದಾಯವು ಒಮ್ಮೆಗೇ ಸ್ತಬ್ಧವಾಗುವುದು. ಆತನು ಒಂದೇ ಒಂದು ನುಡಿಯನ್ನು ಆಡಿ ‘ಪರಾಕ್’ ಎಂದು ಕೆಳಗಿನವರ ಕೈಗೆ ಬೀಳುವನು. ಆ ನುಡಿಯಲ್ಲಿ ರೈತರು ಮಳೆಬೆಳೆಯನ್ನೂ, ರಾಜಕಾರಣಿಗಳು ಸಿಂಹಾಸನವನ್ನೂ ಹುಡುಕುವರು. ಭವಿಷ್ಯದ ವಿಚಾರವಾಗಿ ನನಗೆ ಹೇಳತಕ್ಕುದು ಏನೂ ಇಲ್ಲ. ಆದರೆ ಒಂದು ನುಡಿಯನ್ನು ಕೇಳುವುದಕ್ಕಾಗಿ ಇಷ್ಟು ಜನ ಇಷ್ಟು ದೂರ ನಡೆದು ಬಂದು ತಮ್ಮ ಮಾತನ್ನು ನಿಲ್ಲಿಸುವರಲ್ಲ, ಆ ನಿಲ್ಲಿಸುವಿಕೆಯೇ ನನಗೆ ಯಾತ್ರೆಯ ಸಾರವೆಂದು ತೋರುವುದು.

ಹಾಗಾದರೆ ದೇವರ ಹೆಸರನ್ನೆತ್ತದೆ, ಕೇವಲ ಕಾಡಿಗಾಗಿ ಗುಡ್ಡಗಳನ್ನು ಹತ್ತುವ ಇಂದಿನ ಚಾರಣಿಗನ ಗತಿಯೇನು? ಅವನ ನಡಿಗೆ ಯಾತ್ರೆಯಾಗುವುದೆ? ಆಗುವುದೆಂದೇ ನನ್ನ ನಂಬುಗೆ, ಒಂದು ನಿಯಮದ ಮೇಲೆ: ತಾನು ಕಾಣಬಯಸಿದ್ದನ್ನು ಬಿಟ್ಟು ಅಲ್ಲಿ ಇರುವುದನ್ನು ಕಾಣುವೆನೆಂಬ ಶ್ರದ್ಧೆ ಅವನಲ್ಲಿರಬೇಕು. ಈ ಶ್ರದ್ಧೆಯು ತಪ್ಪಿದಾಗ ಏನಾಗುವುದೆಂಬುದಕ್ಕೆ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಕಡೆ ನೋಡಬೇಕು. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ಆ ನೆಲವು ಮೂಲತಃ ಹುಲ್ಲಿನ ಬಯಲು, ಕುರುಚಲು ಗುಡ್ಡ. ಚಿಗರಿಗೆ, ಎಂದರೆ ಕೃಷ್ಣಮೃಗಕ್ಕೆ, ದೂರದವರೆಗೆ ದೃಷ್ಟಿ ಹರಿಯುವ, ಓಡಲು ತೆರವಾದ ಬಯಲೇ ರಕ್ಷೆ. ಒಂದು ಕಾಲಕ್ಕೆ ಅಲ್ಲಿ ನೆಲೆಸಿದ್ದ ಎರೆಭೂತವೆಂಬ ಭಾರಿ ಹಕ್ಕಿಯೂ ಅಂತಹ ಬಯಲಿನದೇ. ನಾವು ಆ ಬಯಲನ್ನು ಬರಿದೆಂದು ಬಗೆದೆವು; ಕಾಡೆಂದರೆ ಮರವೆಂಬ ಕಲ್ಪನೆಯಿಂದ ಅದರ ಮೇಲೆ ನೀಲಗಿರಿಯ ಸಾಲುಗಳನ್ನು ನೆಟ್ಟೆವು. ನೀಲಗಿರಿಯ ನೆಡುತೋಪಿನಲ್ಲಿ ನಡೆದವರಿಗೆ ಗೊತ್ತು, ಕಾಲ ಕೆಳಗೆ ಒಣಗಿದ ಎಲೆಯ ಸಪ್ಪಳವಲ್ಲದೆ ಹುಲ್ಲಿನ ಸೋಂಕು ವಿರಳ. ಮರ ನೆಟ್ಟವರ ಉದ್ದೇಶವು ಕೆಟ್ಟದಾಗಿರಲಿಲ್ಲ. ಇದ್ದುದನ್ನು ಕಾಣುವ ಮೊದಲೇ ಇಲ್ಲದುದನ್ನು ತುಂಬುವ ಆತುರ ಅವರದು. ಭಕ್ತಿಗೂ ಈ ಆತುರ ಅಂಟಿಕೊಳ್ಳುವುದುಂಟು: ಗುಡ್ಡದ ಮೌನವನ್ನು ಧ್ವನಿವರ್ಧಕದಿಂದಲೂ, ಅದರ ಏರನ್ನು ಡಾಂಬರಿನಿಂದಲೂ, ಅದರ ಬಂಡೆಗಳನ್ನು ತಗಡಿನ ಚಪ್ಪರದಿಂದಲೂ ತುಂಬಿ ತೃಪ್ತರಾಗುವವರು ಬಯಲಿನಲ್ಲಿ ನೀಲಗಿರಿಯನ್ನು ನೆಟ್ಟವರ ಹಾದಿಯನ್ನೇ ಹಿಡಿದಿರುವರು. ಅಶಕ್ತರಿಗೂ ರೋಗಿಗಳಿಗೂ ರಸ್ತೆ ಬೇಕು, ನಿಜ. ಆದರೆ ಕಾಲುದಾರಿಯನ್ನು ಮುಳ್ಳು ಮುಚ್ಚಿಹೋಗುವಂತೆ ಮರೆಯುವುದು ಬೇಡ.

ನಡಿಗೆಯ ಮಾತಿನಲ್ಲಿ ಕನಕದಾಸರನ್ನು ಮರೆಯಲಾಗದು; ಅವರ ಕಾಗಿನೆಲೆ, ಬ್ಯಾಡಗಿ ತಾಲೂಕಿನದು, ಇಲ್ಲಿಂದ ದೂರವಿಲ್ಲ. ಅಧಿಕಾರವನ್ನು ತೊರೆದು ದಾಸನಾಗಿ ನಡೆದ ಕನಕನಿಗಾಗಿ ಉಡುಪಿಯ ಕೃಷ್ಣನು ಪಶ್ಚಿಮಾಭಿಮುಖನಾದನೆಂಬ ಕಥೆಯನ್ನು ಕೇಳದವರಾರು? ಸ್ಥಾವರವೇ ಕದಲಿತೆಂದು ಹೇಳುವ ಆ ಕಥೆಯಲ್ಲಿ ನಡೆದು ಬಂದವನ ಮಹಿಮೆ ಇದೆ. ಆದರೆ ನನಗೆ ಅದಕ್ಕಿಂತ ಹಿರಿದಾಗಿ ಕಾಣುವುದು ಇದು: ಎಷ್ಟು ದೂರ ನಡೆದರೂ, ಯಾವ ಕ್ಷೇತ್ರದ ಬಾಗಿಲಲ್ಲಿ ನಿಂತರೂ, ಕನಕದಾಸರ ಅಂಕಿತವು ಕಾಗಿನೆಲೆಯಾದಿಕೇಶವನದೇ. ಊರನ್ನು ಬಿಟ್ಟು ನಡೆದವನ ಹಾಡಿನ ಕೊನೆಯಲ್ಲಿ ಊರಿನ ದೇವರೇ ಬಂದು ನಿಲ್ಲುವನು. ಪರಸ್ಥಳದ ಯಾತ್ರೆಯು ಸ್ವಸ್ಥಳವನ್ನು ಅಳಿಸದೆ ಅದನ್ನು ಆಳವಾಗಿಸಿತು.

ಇದರ ಪ್ರಮಾಣವನ್ನು ಗ್ರಂಥಗಳಲ್ಲಿ ಹುಡುಕಬೇಕಾದುದಿಲ್ಲ. ಕಾರ್ಣಿಕವನ್ನು ಕೇಳಿ ಗುಡ್ಡವಿಳಿದ ರೈತನು ವಿಜಯದಶಮಿಯ ಸಂಜೆ ಊರಿನಲ್ಲಿ ಹಿರಿಯರ ಪಾದವನ್ನು ಮುಟ್ಟಿ ಬನ್ನಿಯನ್ನು ಕೊಡುವನು. ಇದೇ ಕುರುಚಲು ಕಾಡಿನ ಮುಳ್ಳುಮರದ ಉಗುರಿಗಿಂತ ಸಣ್ಣ ಎಲೆಗಳು, ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ’ ಎಂಬ ಮಾತಿನೊಡನೆ ಕೈಯಿಂದ ಕೈಗೆ ಹೋಗುವುವು. ಅದಾಗಿ ಐದು ದಿನಕ್ಕೆ ಸೀಗೆ ಹುಣ್ಣಿಮೆ. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬಸಿರಾದ ಭೂಮಿತಾಯಿಗೆ ಬಯಕೆಯ ಊಟವನ್ನು ಎಡೆಮಾಡಿ, ಹೂ ಬಿಟ್ಟ ಮೆಣಸಿನ ಗಿಡಗಳ ಸಾಲಿನಲ್ಲಿ, ಜೋಳದ ಅಂಚಿನಲ್ಲಿ, ಬದುವಿನ ಮೂಲೆಮೂಲೆಗೂ ಎಡೆಯ ಅನ್ನವನ್ನು ಚರಗವೆಂದು ಚೆಲ್ಲುತ್ತ ಹೊಲವನ್ನು ಸುತ್ತುವರು. ಹೋದ ವಾರ ಮಾಲತೇಶನ ಗುಡ್ಡವನ್ನು ಹತ್ತಿದ ಕಾಲುಗಳೇ ಇವು; ಅಲ್ಲಿ ಕಲಿತ ಪ್ರದಕ್ಷಿಣೆಯನ್ನು ಇಲ್ಲಿ ತಮ್ಮ ಎರಡೆಕರೆಯ ಸುತ್ತ ಹಾಕುತ್ತಿವೆ, ಮತ್ತು ಮುಂದಿನ ಮುಂಜಾನೆಯಿಂದ ಅದೇ ಬದುವಿನ ಮೇಲೆ ಕಳೆಗೆ, ನೀರಿಗೆ, ಹಕ್ಕಿ ಕಾಯುವುದಕ್ಕೆ ನಡೆಯಲಿರುವುವು.